ಟೆಕ್ಸಾಸಿನ ಮನೆವಿದ್ಯುತ್ತಿನ ದರವೂ ಮಾರಾಟಗಾರನ ಆಯ್ಕೆಯೂ: ೧೯೯೯–೨೦೨೪

ವಿದ್ಯುಚ್ಛಕ್ತಿಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಜಲಪಾತಗಳಿಂದಲೋ ಯಂತ್ರಾಗಾರಗಳಿಂದಲೋ ತಮ್ಮ ಕಥನವನ್ನು ಆರಂಭಿಸುತ್ತಾರೆ. ನಮ್ಮ ನಾಡಿನ ಮಟ್ಟಿಗೆ ಅದು ಸಹಜವೇ ಸರಿ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ತೊಂಬತ್ತು ಮೈಲಿ ದೂರ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ವಿದ್ಯುತ್ತಿನಿಂದ ದೀಪ ಉರಿದುದೂ ಯಾವ ಇತಿಹಾಸಕಾರನ ಗಮನವನ್ನಾದರೂ ಸೆಳೆಯತಕ್ಕ ಸಂಗತಿಗಳು. ಆದರೆ ತಂತಿಯ ಇನ್ನೊಂದು ಕೊನೆಯಲ್ಲಿ, ಮನೆಯ ಗೋಡೆಗೆ ತಗುಲಿಸಿದ ಮೀಟರನ್ನು ಓದಿ ತಿಂಗಳಿಗೊಮ್ಮೆ ಗೃಹಸ್ಥನ ಕೈಗೆ ಕೊಡುವ ಬಿಲ್ಲಿಗೂ ಒಂದು ಇತಿಹಾಸವುಂಟು. ಆ ಬಿಲ್ಲನ್ನು ಬರೆಯುವ ಅಧಿಕಾರ ಯಾರದು? ಅದರ ದರವನ್ನು ಗೊತ್ತುಮಾಡುವವರು ಯಾರು? ಇವನು ಬೇಡ, ಅವನಿಂದ ಕೊಳ್ಳುತ್ತೇನೆ ಎಂದು ಹೇಳುವ ಸ್ವಾತಂತ್ರ್ಯ ಗೃಹಸ್ಥನಿಗೆ ಉಂಟೆ? ಈ ಪ್ರಶ್ನೆಗಳನ್ನು ನಮ್ಮ ಇತಿಹಾಸ ವಿಭಾಗಗಳಲ್ಲಿ ವಿಶೇಷವಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಅರ್ಥಶಾಸ್ತ್ರದವರ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ.

ಕೊನೆಯ ಪ್ರಶ್ನೆಗೆ ಜಗತ್ತಿನಲ್ಲಿ ಅತ್ಯಂತ ಧಾರಾಳವಾಗಿ 'ಉಂಟು' ಎಂದು ಉತ್ತರಕೊಟ್ಟ ನಾಡುಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯವೂ ಒಂದು. ೨೦೦೨ನೆಯ ಇಸವಿಯ ಜನವರಿ ೧ರಿಂದ ಅಲ್ಲಿನ ಬಹುಭಾಗದ ಗೃಹಸ್ಥರು ತಮ್ಮ ವಿದ್ಯುತ್ತಿನ ಮಾರಾಟಗಾರನನ್ನು ತಾವೇ ಆರಿಸಿಕೊಳ್ಳುತ್ತ ಬಂದಿದ್ದಾರೆ. ಈ ಎರಡು ದಶಕಗಳ ಅನುಭವವನ್ನು ಪರಿಶೀಲಿಸಿ, ಅವರು ಆರಿಸಿಕೊಂಡದ್ದು ವಸ್ತುತಃ ಏನನ್ನು ಎಂಬುದನ್ನು ತಿಳಿಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ವಿದ್ಯುತ್ತಿನ ವ್ಯಾಪಾರ ಹುಟ್ಟಿನಿಂದಲೇ ಏಕಸ್ವಾಮ್ಯವಾಗಿತ್ತೆಂದು ಅನೇಕರು ಭಾವಿಸಿರುವುದುಂಟು. ಇದು ನಿಜವಲ್ಲ. ಎಡಿಸನ್ ೧೮೮೨ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಜನಕಾಗಾರವನ್ನು ತೆರೆದ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ಹಲವು ಕಂಪೆನಿಗಳು ಒಂದರ ಪಕ್ಕದಲ್ಲೊಂದು ಕಂಬ ನೆಟ್ಟು ಪೈಪೋಟಿಗೆ ನಿಂತಿದ್ದವು. ಸ್ಯಾಮ್ಯುಯೆಲ್ ಇನ್ಸಲ್ ೧೮೯೨ರಲ್ಲಿ ಷಿಕಾಗೋ ನಗರಕ್ಕೆ ಬಂದಾಗ ಅವನ ಕಂಪೆನಿ ಆ ಊರಿನ ಹಲವು ಕಂಪೆನಿಗಳಲ್ಲಿ ಒಂದು ಮಾತ್ರ. ಹದಿನೈದು ವರ್ಷಗಳಲ್ಲಿ ಅವನು ಉಳಿದವುಗಳನ್ನು ಕೊಂಡು, ಕೂಡಿಸಿ, ಇಡೀ ನಗರವನ್ನು ಒಂದೇ ಕಂಪೆನಿಯ ಕೆಳಗೆ ತಂದ. ಅಷ್ಟಕ್ಕೇ ನಿಲ್ಲದೆ ೧೮೯೮ರಲ್ಲಿ ತನ್ನ ಸಹವ್ಯಾಪಾರಿಗಳ ಸಮ್ಮೇಳನದಲ್ಲಿ, ಒಂದು ಪ್ರದೇಶಕ್ಕೆ ಒಂದೇ ಕಂಪೆನಿ ಇರಲಿ, ಅದರ ದರವನ್ನು ಸರ್ಕಾರವೇ ನಿಯಂತ್ರಿಸಲಿ ಎಂಬ ವಾದವನ್ನು ಮುಂದಿಟ್ಟ. ವ್ಯಾಪಾರಿಯೊಬ್ಬ ತನ್ನ ಮೇಲೆಯೇ ಸರ್ಕಾರದ ಅಂಕುಶವನ್ನು ಬೇಡಿದುದು ವಿಚಿತ್ರವಾಗಿ ಕಂಡರೂ, ಅಂಕುಶದ ಜೊತೆಗೆ ಪ್ರತಿಸ್ಪರ್ಧಿಗಳಿಂದ ರಕ್ಷಣೆಯೂ ದೊರೆಯುವುದೆಂಬುದನ್ನು ಅವನು ಚೆನ್ನಾಗಿ ಅರಿತಿದ್ದ. ೧೯೦೭ರಲ್ಲಿ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳು ನಿಯಂತ್ರಣ ಆಯೋಗಗಳನ್ನು ಸ್ಥಾಪಿಸಿದವು. ಉಳಿದ ರಾಜ್ಯಗಳು ಕ್ರಮೇಣ ಅದೇ ಹಾದಿಯನ್ನು ಹಿಡಿದವು. ಕಂಪೆನಿಗೆ ತಗುಲಿದ ವೆಚ್ಚ, ಅದರ ಮೇಲೆ ನ್ಯಾಯವಾದ ಲಾಭ, ಇವೆರಡನ್ನು ಕೂಡಿಸಿ ದರವನ್ನು ಕಟ್ಟುವ ಪದ್ಧತಿ ಹೀಗೆ ಬಳಕೆಗೆ ಬಂದಿತು. ಕಾರ್ಖಾನೆಯನ್ನು ಕಟ್ಟಿದ್ದು ಸರಿಯೇ, ತಪ್ಪೇ ಎಂಬ ಅಪಾಯದ ಬಹುಭಾಗವನ್ನು ಈ ಪದ್ಧತಿಯಲ್ಲಿ ಎಲ್ಲ ಗಿರಾಕಿಗಳೂ ಸೇರಿ ಹೊರುತ್ತಿದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಟೆಕ್ಸಾಸಿನ ದಾರಿ ಮಾತ್ರ ಬೇರೆ. ೧೯೩೫ರ ಕೇಂದ್ರ ಶಾಸನವು ರಾಜ್ಯ ರಾಜ್ಯಗಳ ನಡುವೆ ನಡೆಯುವ ವಿದ್ಯುತ್ ವ್ಯಾಪಾರವನ್ನು ವಾಷಿಂಗ್ಟನ್ನಿನ ಅಧಿಕಾರಕ್ಕೆ ಒಳಪಡಿಸಿದಾಗ, ಅಲ್ಲಿನ ಕಂಪೆನಿಗಳು ತಮ್ಮ ತಂತಿಗಳು ರಾಜ್ಯದ ಗಡಿಯನ್ನು ದಾಟದಂತೆ ನೋಡಿಕೊಂಡವು. ತಂತಿ ಗಡಿ ದಾಟದಿದ್ದರೆ ಕಾನೂನೂ ಗಡಿಯೊಳಗೆ ಬಾರದು ಎಂಬುದು ತರ್ಕ. ೧೯೭೬ನೆಯ ಮೇ ೪ರ ರಾತ್ರಿ ಒಂದು ಕಂಪೆನಿ ಕೆಲವು ಗಂಟೆಗಳ ಕಾಲ ಒಕ್ಲಹೋಮಕ್ಕೆ ವಿದ್ಯುತ್ತನ್ನು ಹರಿಯಬಿಟ್ಟಿತು. ಅದು ತಿಳಿದೊಡನೆ ಉಳಿದ ಕಂಪೆನಿಗಳು ಸಾಂಕ್ರಾಮಿಕಕ್ಕೆ ಹೆದರಿದವರಂತೆ ಅದರೊಡನೆ ಇದ್ದ ಸಂಪರ್ಕವನ್ನು ಕತ್ತರಿಸಿಕೊಂಡವು. ರಾಜ್ಯಮಟ್ಟದ ನಿಯಂತ್ರಣವೂ ಅಲ್ಲಿ ತಡವಾಗಿಯೇ ಬಂದಿತು. ಸಾರ್ವಜನಿಕ ಸೇವೆಗಳ ಆಯೋಗವು ಹುಟ್ಟಿದುದು ೧೯೭೫ರಲ್ಲಿ. ರಾಜ್ಯದ ಬಹುಭಾಗದ ತಂತಿಜಾಲವನ್ನು ಸಮತೂಕದಲ್ಲಿ ನಡೆಸುವ ಸಂಸ್ಥೆಯಾದ ಎರ್ಕಾಟ್ ಅದಕ್ಕೆ ಐದು ವರ್ಷ ಮೊದಲು, ೧೯೭೦ರಲ್ಲಿ, ಹುಟ್ಟಿತ್ತು. ಹೀಗೆ ನೆರೆಹೊರೆಯ ರಾಜ್ಯಗಳಿಂದ ಹೆಚ್ಚುಕಡಮೆ ಬೇರ್ಪಟ್ಟು ದ್ವೀಪದಂತೆ ಉಳಿದದ್ದು ಮುಂದೆ ಎರಡು ವಿಧದಲ್ಲಿ ಪರಿಣಾಮಕಾರಿಯಾಯಿತು. ಕೇಂದ್ರದ ಅಪ್ಪಣೆಗೆ ಕಾಯದೆ ಹೊಸ ಪ್ರಯೋಗವನ್ನು ನಡೆಸಲು ಟೆಕ್ಸಾಸಿಗೆ ಸಾಧ್ಯವಾಯಿತು. ಆಪತ್ಕಾಲದಲ್ಲಿ ನೆರೆಯವರಿಂದ ಸಾಕಷ್ಟು ಕಡ ತರಲು ಸಾಧ್ಯವಾಗಲಿಲ್ಲ.

ಹಳೆಯ ಪದ್ಧತಿಯ ಮೇಲೆ ಜನರ ವಿಶ್ವಾಸ ಕುಗ್ಗಿದುದು ೧೯೭೦ರ ದಶಕದಿಂದೀಚೆಗೆ. ಪರಮಾಣು ಕೇಂದ್ರಗಳ ನಿರ್ಮಾಣವೆಚ್ಚ ಅಂದಾಜನ್ನು ಎಷ್ಟೋ ಪಾಲು ಮೀರಿತು. ಆ ವೆಚ್ಚವೆಲ್ಲ ದರದ ಮೂಲಕ ಗಿರಾಕಿಯ ತಲೆಯ ಮೇಲೆ ಬಂದಿತು. ಅದೇ ವೇಳೆಗೆ ನೈಸರ್ಗಿಕ ಅನಿಲದಿಂದ ನಡೆಯುವ ಸಣ್ಣ ಜನಕಯಂತ್ರಗಳು ಅಗ್ಗವಾದವು. ೧೯೭೮ರ ಕೇಂದ್ರ ಶಾಸನವೊಂದು ಸ್ವತಂತ್ರ ಉತ್ಪಾದಕರಿಗೆ ಬಾಗಿಲು ತೆರೆಯಿತು. ೧೯೯೨ರ ಶಾಸನ ಅದನ್ನು ಇನ್ನಷ್ಟು ಅಗಲ ಮಾಡಿತು. ಬ್ರಿಟನ್ನಿನಲ್ಲಿ ೧೯೮೯ರ ಶಾಸನದಿಂದ ಸರ್ಕಾರಿ ವಿದ್ಯುತ್ ಉದ್ಯಮ ಖಾಸಗಿಯವರ ಕೈಸೇರಿ, ಹತ್ತು ವರ್ಷಗಳೊಳಗೆ ಗೃಹಸ್ಥರಿಗೂ ಮಾರಾಟಗಾರನನ್ನು ಬದಲಿಸುವ ಹಕ್ಕು ದೊರೆಯಿತು. ಟೆಕ್ಸಾಸ್ ೧೯೯೫ರಲ್ಲಿ ಸಗಟು ಪೇಟೆಯನ್ನು ತೆರೆಯಿತು. ೧೯೯೯ರ ಜೂನ್ ತಿಂಗಳಲ್ಲಿ ಅಂದಿನ ರಾಜ್ಯಪಾಲ ಜಾರ್ಜ್ ಡಬ್ಲ್ಯು. ಬುಷ್ ಅವರ ಅಂಕಿತವನ್ನು ಪಡೆದ ಶಾಸನ ಚಿಲ್ಲರೆ ಪೇಟೆಯನ್ನೂ ತೆರೆಯಿತು.

ಕರ್ಣಾಟಕದ ವಿದ್ಯುತ್ ಸುಧಾರಣಾ ಶಾಸನವೂ ಜಾರಿಗೆ ಬಂದುದು ಅದೇ ೧೯೯೯ರಲ್ಲಿ. ವಿತರಣೆಯ ಕೆಲಸವನ್ನು ಪ್ರದೇಶವಾರು ಕಂಪೆನಿಗಳಿಗೆ ಹಂಚಿದುದು ೨೦೦೨ರಲ್ಲಿ. ಕಾಲದ ಈ ಹೊಂದಿಕೆ ಕಾಕತಾಳೀಯವಲ್ಲ. ಒಂದೇ ಅರ್ಥನೀತಿಯ ಗಾಳಿ ಎರಡೂ ಕಡೆ ಬೀಸುತ್ತಿತ್ತು. ಆದರೆ ನಮ್ಮಲ್ಲಿ ಉದ್ಯಮವನ್ನು ಭಾಗಮಾಡಿದ ಕೈ ಗೃಹಸ್ಥನ ಹೊಸ್ತಿಲ ಬಳಿ ನಿಂತಿತು. ಬೆಂಗಳೂರಿನ ಮನೆಯವನು ಮಂಗಳೂರಿನ ಕಂಪೆನಿಯಿಂದ ವಿದ್ಯುತ್ತನ್ನು ಕೊಳ್ಳಲಾರ. ಟೆಕ್ಸಾಸಿನಲ್ಲಿ ಆ ಹೊಸ್ತಿಲನ್ನೂ ದಾಟಿದರು.

ಶಾಸನದ ರಚನೆ ಹೀಗಿತ್ತು. ಅದುವರೆಗೆ ಒಂದೇ ಮೈಯಾಗಿದ್ದ ಕಂಪೆನಿಗಳು ಮೂರಾಗಿ ಒಡೆಯಬೇಕು: ವಿದ್ಯುತ್ತನ್ನು ಉತ್ಪಾದಿಸುವವರು ಒಬ್ಬರು, ತಂತಿಯಲ್ಲಿ ಸಾಗಿಸುವವರು ಇನ್ನೊಬ್ಬರು, ಮನೆಗಳಿಗೆ ಮಾರುವವರು ಮತ್ತೊಬ್ಬರು. ತಂತಿಯ ಕಂಪೆನಿ ಹಿಂದಿನಂತೆಯೇ ಏಕಸ್ವಾಮ್ಯವಾಗಿ, ಆಯೋಗವು ಗೊತ್ತುಮಾಡಿದ ದರಕ್ಕೆ ದುಡಿಯಬೇಕು. ಉತ್ಪಾದನೆ ಮತ್ತು ಮಾರಾಟ ಇವೆರಡರಲ್ಲಿ ಮಾತ್ರ ಸ್ಪರ್ಧೆ. ನಗರಸಭೆಗಳ ಒಡೆತನದಲ್ಲಿದ್ದ ಆಸ್ಟಿನ್, ಸ್ಯಾನ್ ಆಂಟೋನಿಯೊ ಮೊದಲಾದ ಊರುಗಳ ವಿದ್ಯುತ್ ಸಂಸ್ಥೆಗಳಿಗೂ ಗ್ರಾಮಾಂತರದ ಸಹಕಾರ ಸಂಘಗಳಿಗೂ ವಿನಾಯಿತಿ ದೊರೆಯಿತು; ಇಷ್ಟವಿದ್ದರೆ ಅವು ಸೇರಬಹುದು, ಇಲ್ಲದಿದ್ದರೆ ಇಲ್ಲ. ಪಶ್ಚಿಮದ ತುದಿಯಲ್ಲಿರುವ ಎಲ್ ಪಾಸೊ ಎರ್ಕಾಟಿನ ಜಾಲದ ಹೊರಗಿದ್ದುದರಿಂದ ಅದೂ ಹೊರಗೇ ಉಳಿಯಿತು. ಹ್ಯೂಸ್ಟನ್ ಮತ್ತು ಡಲ್ಲಾಸ್ ಸುತ್ತಣ ದೊಡ್ಡ ಜನಸಮೂಹವೇ ಹೊಸ ಪೇಟೆಯ ಮುಖ್ಯ ಕ್ಷೇತ್ರ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳದಿದ್ದರೆ ಮುಂದಿನದೆಲ್ಲ ಗೊಂದಲವಾಗುತ್ತದೆ. ಮಾರಾಟಗಾರನನ್ನು ಬದಲಿಸಿದ ಗೃಹಸ್ಥನ ಮನೆಗೆ ಹೊಸ ತಂತಿ ಬರಲಿಲ್ಲ, ಹೊಸ ಮೀಟರೂ ಬರಲಿಲ್ಲ. ದೀಪ ಆರಿದರೆ ದುರಸ್ತಿಗೆ ಬರುವವರು ಹಿಂದಿನ ತಂತಿ ಕಂಪೆನಿಯ ಆಳುಗಳೇ. ಕೆರೆಯೊಂದಕ್ಕೆ ಹತ್ತು ಕಾಲುವೆಗಳಿಂದ ನೀರು ಬಂದು ಸೇರುತ್ತಿರುವಾಗ ಕೊಡದಲ್ಲಿ ತುಂಬಿಕೊಂಡ ನೀರು ಯಾವ ಕಾಲುವೆಯದೆಂದು ಹೇಳುವುದು ಹೇಗೆ ಅಸಾಧ್ಯವೋ, ಹಾಗೆಯೇ ಯಾವ ಜನಕಾಗಾರದ ವಿದ್ಯುತ್ತು ಯಾರ ಮನೆಯಲ್ಲಿ ಉರಿಯುತ್ತಿದೆಯೆಂದು ಹೇಳುವುದೂ ಅಸಾಧ್ಯ. ಚಿಲ್ಲರೆ ಕಂಪೆನಿಗೆ ಜನಕಾಗಾರ ಇರಲೇಬೇಕೆಂದಿಲ್ಲ, ಕಂಬವಂತೂ ಇಲ್ಲವೇ ಇಲ್ಲ. ಅದು ಸಗಟು ಪೇಟೆಯಲ್ಲಿ ಗಳಿಗೆ ಗಳಿಗೆಗೂ ಏರಿಳಿಯುವ ಬೆಲೆಗೆ ಕೊಂಡು, ಗೃಹಸ್ಥನಿಗೆ ಒಪ್ಪಂದದ ದರಕ್ಕೆ ಮಾರುತ್ತದೆ. ಆದ್ದರಿಂದ ಗೃಹಸ್ಥನು ಆರಿಸುತ್ತಿದ್ದುದು ವಿದ್ಯುತ್ತನ್ನಲ್ಲ, ಒಪ್ಪಂದವನ್ನು. ಇನ್ನೂ ಸರಿಯಾಗಿ ಹೇಳುವುದಾದರೆ, ಸಗಟು ಬೆಲೆ ಏರಿದಾಗ ಆ ಏರಿಕೆಯನ್ನು ತಾನು ಹೊರಬೇಕೋ ಮಾರಾಟಗಾರ ಹೊರಬೇಕೋ ಎಂಬುದನ್ನು.

ಆರಂಭದ ಐದು ವರ್ಷ ಇದು ಯಾರಿಗೂ ಅಷ್ಟಾಗಿ ಹೊಳೆಯಲಿಲ್ಲ. ಏಕೆಂದರೆ ಶಾಸನಕಾರರು ಒಂದು ಊರೆಗೋಲನ್ನು ಕೊಟ್ಟಿದ್ದರು. ಹಳೆಯ ಕಂಪೆನಿಯಿಂದ ಹುಟ್ಟಿದ ಮಾರಾಟ ಶಾಖೆಯು ಹಿಂದಿನ ದರಕ್ಕಿಂತ ನೂರಕ್ಕೆ ೬ರಷ್ಟು ಕಡಮೆಯಾದ, ಆದರೆ ಇಂಧನದ ಬೆಲೆಗನುಸಾರ ತಿದ್ದಬಹುದಾದ, ಒಂದು ದರಕ್ಕೆ ಮಾರಬೇಕು. ಮೂರು ವರ್ಷ ತುಂಬುವವರೆಗೆ, ಅಥವಾ ತನ್ನ ಗಿರಾಕಿಗಳಲ್ಲಿ ನೂರಕ್ಕೆ ೪೦ ಪಾಲು ಕೈಬಿಟ್ಟು ಹೋಗುವವರೆಗೆ, ಅದಕ್ಕಿಂತ ಇಳಿಸಿ ಮಾರಕೂಡದು. 'ಸೋಲಿಸಬೇಕಾದ ದರ' ಎಂಬ ಅರ್ಥದ ಹೆಸರನ್ನು ಇದಕ್ಕೆ ಇಟ್ಟಿದ್ದರು. ಹೊಸ ಕಂಪೆನಿಗಳು ಅದರ ಕೆಳಗೆ ನುಸುಳಿ ಗಿರಾಕಿಗಳನ್ನು ಸೆಳೆಯಲಿ ಎಂಬುದು ಉದ್ದೇಶ. ದೊಡ್ಡ ಕಂಪೆನಿ ಬೆಲೆಯನ್ನು ತಗ್ಗಿಸದಂತೆ ಕಾನೂನೇ ತಡೆದು, ಸ್ಪರ್ಧೆಯನ್ನು ಹುಟ್ಟಿಸುವುದಕ್ಕಾಗಿ ಬೆಲೆಯನ್ನು ಎತ್ತರದಲ್ಲಿ ಹಿಡಿದ ಈ ಉಪಾಯದ ವ್ಯಂಗ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇದಲ್ಲದೆ, ಇಂಧನದ ತಿದ್ದುಪಡಿಯನ್ನು ನೈಸರ್ಗಿಕ ಅನಿಲದ ಪೇಟೆಬೆಲೆಗೆ ಗಂಟುಹಾಕಿದ್ದರು. ೨೦೦೫ರಲ್ಲಿ ಕತ್ರೀನಾ ಮತ್ತು ರೀಟಾ ಚಂಡಮಾರುತಗಳು ಮೆಕ್ಸಿಕೋ ಕೊಲ್ಲಿಯ ಅನಿಲ ಉದ್ಯಮವನ್ನು ಹೊಡೆದಾಗ ಅನಿಲದ ಬೆಲೆ ಗಗನಕ್ಕೇರಿತು. 'ಸೋಲಿಸಬೇಕಾದ ದರ'ವೂ ಅದರ ಬೆನ್ನುಹತ್ತಿತು. ಕಲ್ಲಿದ್ದಲಿನಿಂದ ಉತ್ಪಾದಿಸಿದ ವಿದ್ಯುತ್ತಿಗೂ ಅನಿಲದ ಬೆಲೆಯನ್ನೇ ತೆರಬೇಕಾಯಿತು. ಈ ದರ ೨೦೦೭ರ ಜನವರಿಯಲ್ಲಿ ರದ್ದಾಯಿತು.

ಗೃಹಸ್ಥರು ಈ ಕಾಲದಲ್ಲಿ ಏನು ಮಾಡಿದರು? ಶಾಸನಕಾರರು ಕಲ್ಪಿಸಿಕೊಂಡ ಗೃಹಸ್ಥ ತಿಂಗಳು ತಿಂಗಳೂ ದರಗಳನ್ನು ಹೋಲಿಸಿ ನೋಡುವವನು. ನಿಜವಾದ ಗೃಹಸ್ಥ ಹಾಗಿರಲಿಲ್ಲ. ಹೊರ್ತಾಚ್ಸು, ಮದನಿಜಾದೆ, ಪುಲ್ಲರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಮನೆಮನೆಯ ದಾಖಲೆಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಚ್ಚಿನವರು ಬೇರೆ ಮಾರಾಟಗಾರನನ್ನು ಹುಡುಕಿದ್ದೇ ಅಪರೂಪ; ಹುಡುಕಿದವರೂ ಹಳೆಯ ಕಂಪೆನಿಯ ಹೆಸರಿಗೆ ಒಂದು ವಿಶೇಷ ಬೆಲೆಯನ್ನು ಕೊಡುತ್ತಿದ್ದರು. ಅಗ್ಗವಾದ ದರ ಕಣ್ಣೆದುರಿಗಿದ್ದರೂ ಬಹುಮಂದಿ ಕದಲಲಿಲ್ಲ. ಇದನ್ನು ಸೋಮಾರಿತನವೆನ್ನುವುದು ಸುಲಭ. ಆದರೆ ಎಂಬತ್ತು ತೊಂಬತ್ತು ವರ್ಷಗಳ ಕಾಲ ವಿದ್ಯುತ್ತು ನೀರಿನಂತೆ, ರಸ್ತೆಯಂತೆ ಬರುವ ವಸ್ತುವಾಗಿತ್ತು. ಅದನ್ನು ಒಂದು ದಿನ ಬೆಳಿಗ್ಗೆ ಎದ್ದು ಸಂತೆಯ ತರಕಾರಿಯಂತೆ ಕಾಣಬೇಕೆಂದರೆ ಮನಸ್ಸು ಒಪ್ಪುವುದು ಕಷ್ಟ. ಇತಿಹಾಸದ ವಿದ್ಯಾರ್ಥಿಗೆ ಇದು ಸೋಮಾರಿತನಕ್ಕಿಂತ ಹೆಚ್ಚಾಗಿ ಅಭ್ಯಾಸದ ಬಲವಾಗಿ ತೋರುತ್ತದೆ. ಜೊತೆಗೆ ಅದೇ ವರ್ಷಗಳಲ್ಲಿ ನೆರೆಯ ಉದಾಹರಣೆ ಭಯ ಹುಟ್ಟಿಸುವಂತಿತ್ತು. ಕ್ಯಾಲಿಫೋರ್ನಿಯ ೧೯೯೮ರಲ್ಲಿ ಪೇಟೆಯನ್ನು ತೆರೆದು, ೨೦೦೦ನೆಯ ಬೇಸಿಗೆಯಲ್ಲಿ ಸ್ಯಾನ್ ಡಿಯಾಗೊ ನಗರದ ಮನೆಗಳ ಬಿಲ್ಲು ಎರಡರಷ್ಟಕ್ಕೂ ಮೀರಿ ಏರುವುದನ್ನು ಕಂಡು, ೨೦೦೧ರ ಸೆಪ್ಟೆಂಬರಿನಲ್ಲಿ ಆಯ್ಕೆಯ ಹಕ್ಕನ್ನೇ ಅಮಾನತಿನಲ್ಲಿಟ್ಟಿತು. ಆ ಪೇಟೆಯಲ್ಲಿ ಕೈಚಳಕ ತೋರಿಸಿದ ಎನ್ರಾನ್ ಕಂಪೆನಿ ಹ್ಯೂಸ್ಟನ್ನಿನದೇ. ಅದು ದಿವಾಳಿಯೆದ್ದುದು ಟೆಕ್ಸಾಸಿನ ಪೇಟೆ ತೆರೆಯುವುದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು.

ಕದಲಿದವರಿಗೂ ಹಾದಿ ಸುಗಮವಾಗಿರಲಿಲ್ಲ. ಆಯೋಗವು ದರಗಳನ್ನು ಹೋಲಿಸಿ ನೋಡಲು ಅಂತರ್ಜಾಲದಲ್ಲಿ ಒಂದು ಪಟ್ಟಿಯನ್ನು ತೆರೆಯಿತು. ಪ್ರತಿ ಯೋಜನೆಗೂ ಒಂದು 'ವಿವರಚೀಟಿ' ಇರಬೇಕೆಂದೂ, ಅದರಲ್ಲಿ ತಿಂಗಳಿಗೆ ೫೦೦, ೧೦೦೦, ೨೦೦೦ ಯೂನಿಟ್ಟುಗಳನ್ನು ಬಳಸಿದರೆ ಬೀಳುವ ಸರಾಸರಿ ದರಗಳನ್ನು ನಮೂದಿಸಬೇಕೆಂದೂ ವಿಧಿಸಿತು. ಉದ್ದೇಶ ಶುದ್ಧವಾದುದು. ಆದರೆ ಅಳತೆಯ ಮೂರು ಗುರುತುಗಳು ಎಲ್ಲಿವೆಯೆಂದು ತಿಳಿದ ವ್ಯಾಪಾರಿಗಳು ಸರಕನ್ನು ಆ ಗುರುತುಗಳಿಗೆ ತಕ್ಕಂತೆ ಜೋಡಿಸತೊಡಗಿದರು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಯೂನಿಟ್ಟಿಗೆ ೧೪ ಸೆಂಟು. ೧೦೦೦ ಯೂನಿಟ್ಟು ಮುಟ್ಟಿದವರಿಗೆ ಬಿಲ್ಲಿನಲ್ಲಿ ೧೦೦ ಡಾಲರು ಸೋಡಿ. ೧೦೦೦ ಯೂನಿಟ್ಟು ಬಳಸಿದವನ ಬಿಲ್ಲು ೪೦ ಡಾಲರು, ಅಂದರೆ ಸರಾಸರಿ ೪ ಸೆಂಟು. ಪಟ್ಟಿಯಲ್ಲಿ ಈ ಯೋಜನೆಯೇ ಎಲ್ಲಕ್ಕೂ ಮೇಲೆ. ೯೯೯ ಯೂನಿಟ್ಟು ಬಳಸಿದವನ ಬಿಲ್ಲಾದರೋ ೧೩೯ ಡಾಲರು ೮೬ ಸೆಂಟು! ಒಂದು ಯೂನಿಟ್ಟು ಮಿತವ್ಯಯ ಮಾಡಿದುದಕ್ಕೆ ನೂರು ಡಾಲರಿಗೆ ಸಮೀಪದ ದಂಡ. ೨೦೦೦ ಯೂನಿಟ್ಟಿಗೆ ಹೋದರೆ ಸರಾಸರಿ ಮತ್ತೆ ೯ ಸೆಂಟಿಗೆ ಏರುತ್ತದೆ. ಇಂಥ ರಚನೆಯ ಯೋಜನೆಗಳು ಆ ಪೇಟೆಯಲ್ಲಿ ಸಾಮಾನ್ಯವಾಗಿದ್ದವು. ಟೆಕ್ಸಾಸಿನ ಮನೆಯೊಂದು ವಸಂತಕಾಲದಲ್ಲಿ ಬಳಸುವ ವಿದ್ಯುತ್ತಿಗೂ ಆಗಸ್ಟಿನ ಸೆಕೆಯಲ್ಲಿ ತಂಪುಯಂತ್ರಗಳಿಗೆ ಬಳಸುವ ವಿದ್ಯುತ್ತಿಗೂ ಅಜಗಜಾಂತರ; ತಿಂಗಳು ತಿಂಗಳೂ ಗುರುತಿನ ಮೇಲೆಯೇ ನಿಲ್ಲುವವರು ಯಾರು? ಅಕ್ಷರಸ್ಥನಾದ ಗೃಹಸ್ಥನೂ ಕಾಗದ ಪೆನ್ಸಿಲು ಹಿಡಿದು ಹನ್ನೆರಡು ತಿಂಗಳ ಲೆಕ್ಕ ಹಾಕದೆ ತನಗೆ ಯಾವುದು ಅಗ್ಗವೆಂದು ತಿಳಿಯಲಾರ. ಹಳೆಯ ಕಾಲದಲ್ಲಿ ಈ ಲೆಕ್ಕವನ್ನು ಆಯೋಗದ ಕಚೇರಿಯಲ್ಲಿ ವಕೀಲರೂ ಲೆಕ್ಕಪರಿಶೋಧಕರೂ ಹಾಕುತ್ತಿದ್ದರು. ಈಗ ಅದು ಅಡಿಗೆಮನೆಯ ಮೇಜಿಗೆ ಬಂದಿತು.

ಹಾಗಾದರೆ ಒಟ್ಟಿನಲ್ಲಿ ದರ ಇಳಿಯಿತೆ, ಏರಿತೆ? ಎರಡು ಪಕ್ಷದವರೂ ಅಂಕಿಗಳನ್ನು ಹಿಡಿದೇ ವಾದಿಸಿದ್ದಾರೆ. ಎರಡನ್ನೂ ಎಚ್ಚರಿಕೆಯಿಂದ ಓದಬೇಕಾಗಿದೆ. ಮೊದಲ ವರ್ಷಗಳಲ್ಲಿ ಅನಿಲದ ಬೆಲೆ ಏರುತ್ತ ಹೋದುದರಿಂದ ಟೆಕ್ಸಾಸಿನ ದರಗಳೂ ಏರಿದವು. ವಿರೋಧಿಗಳು ತಪ್ಪನ್ನು ಸ್ಪರ್ಧೆಯ ಮೇಲೆ ಹೊರಿಸಿದರು. ೨೦೦೯ರಿಂದೀಚೆಗೆ ಶೇಲ್ ಶಿಲೆಗಳಿಂದ ಅನಿಲ ತೆಗೆಯುವ ವಿಧಾನ ವ್ಯಾಪಿಸಿ ಬೆಲೆ ಕುಸಿದಾಗ ದರಗಳೂ ಇಳಿದವು. ಸಮರ್ಥಕರು ಕೀರ್ತಿಯನ್ನು ಸ್ಪರ್ಧೆಗೆ ಸಲ್ಲಿಸಿದರು. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಅನಿಲದ ಇತಿಹಾಸವನ್ನು ಶಾಸನದ ಇತಿಹಾಸವೆಂದು ಓದಿದ್ದಾರೆ. ಇದಕ್ಕಿಂತ ಮೇಲಾದ ಪ್ರಮಾಣವೆಂದರೆ ಅದೇ ರಾಜ್ಯದಲ್ಲಿ ಆಯ್ಕೆಯಿಲ್ಲದ ಊರುಗಳೊಡನೆ ಹೋಲಿಕೆ. ೨೦೨೧ರ ಫೆಬ್ರುವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ಆಯ್ಕೆಯುಳ್ಳ ಪ್ರದೇಶದ ಗೃಹಸ್ಥರು ೨೦೦೪ರಿಂದ ಮುಂದೆ, ಹಳೆಯ ಮಾದರಿಯ ಸಂಸ್ಥೆಗಳ ದರದಲ್ಲಿ ಕೊಂಡಿದ್ದರೆ ಆಗುತ್ತಿದ್ದುದಕ್ಕಿಂತ ಒಟ್ಟು ೨೮ ಶತಕೋಟಿ ಡಾಲರು ಹೆಚ್ಚಾಗಿ ತೆತ್ತಿದ್ದರು. ಅಂಕಿ ಬೆಚ್ಚಿಬೀಳಿಸುವಂಥದು. ಆದರೂ ಆಸ್ಟಿನ್, ಸ್ಯಾನ್ ಆಂಟೋನಿಯೊ ನಗರಗಳಿಗೆ ಪರಮಾಣು ಮತ್ತು ಕಲ್ಲಿದ್ದಲ ಕೇಂದ್ರಗಳಲ್ಲಿ ಸ್ವಂತ ಪಾಲಿದ್ದು, ಅನಿಲ ದುಬಾರಿಯಾದ ವರ್ಷಗಳಲ್ಲಿ ಅವು ಆ ಕಾರಣದಿಂದಲೇ ಪಾರಾದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು: ಸ್ಪರ್ಧೆ ಬಂದರೆ ದರ ತಾನಾಗಿಯೇ ಇಳಿಯುವುದೆಂದು ೧೯೯೯ರಲ್ಲಿ ಕೊಟ್ಟ ಭರವಸೆ ಗೃಹಸ್ಥರ ಪಾಲಿಗೆ ಸರಳವಾಗಿ ಈಡೇರಲಿಲ್ಲ, ಗಾಳಿಯ ಯಂತ್ರಗಳೂ ಹೊಸ ಜನಕಾಗಾರಗಳೂ ಬೇಗ ಎದ್ದು ಸಗಟು ಪೇಟೆ ಬೆಳೆದುದೇನೋ ನಿಜ.

ಅಪಾಯವನ್ನು ಹೊರುವವರು ಯಾರೆಂಬ ಪ್ರಶ್ನೆ ಮೊದಲ ಬಾರಿಗೆ ತಲೆಯೆತ್ತಿದುದು ೨೦೦೮ರಲ್ಲಿ. ಆ ವರ್ಷದ ಬೇಸಿಗೆಯಲ್ಲಿ ಸಗಟು ಬೆಲೆ ಥಟ್ಟನೆ ಏರಿ, ಸ್ಥಿರದರಕ್ಕೆ ಮಾರುವುದಾಗಿ ಮಾತುಕೊಟ್ಟಿದ್ದ ಕೆಲವು ಸಣ್ಣ ಕಂಪೆನಿಗಳು ಬಾಗಿಲು ಮುಚ್ಚಿದವು. ಅವುಗಳ ಗಿರಾಕಿಗಳು ಕತ್ತಲಲ್ಲಿ ಉಳಿಯಲಿಲ್ಲ. 'ಕಡೆಯ ಆಸರೆ'ಯೆಂದು ಆಯೋಗವು ಗೊತ್ತುಮಾಡಿದ್ದ ಕಂಪೆನಿಗಳಿಗೆ ವರ್ಗವಾದರು, ಆದರೆ ಹೆಚ್ಚಿನ ದರಕ್ಕೆ. ಒಪ್ಪಂದದಲ್ಲಿ ಬರೆದ ದರಕ್ಕಿಂತ ಅದನ್ನು ಬರೆದವನ ಬೊಕ್ಕಸ ಮುಖ್ಯವೆಂಬ ಪಾಠವನ್ನು ಆ ಗಿರಾಕಿಗಳು ಕಲಿತರು. ಬ್ರಿಟನ್ನಿನವರು ಅದನ್ನೇ ಬಹು ದೊಡ್ಡ ಪ್ರಮಾಣದಲ್ಲಿ ಕಲಿತದ್ದು ೨೦೨೧ರ ಚಳಿಗಾಲದಲ್ಲಿ. ಅನಿಲದ ಬೆಲೆ ಏರಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪೆನಿಗಳು ಬಿದ್ದುಹೋದವು.

ಟೆಕ್ಸಾಸಿನಲ್ಲಿ ಸಗಟು ಪೇಟೆಯ ನಿಯಮವೇ ಅಪಾಯವನ್ನು ಹರಿತಗೊಳಿಸುವಂತಿತ್ತು. ಜನಕಾಗಾರವನ್ನು ಸುಮ್ಮನೆ ಸಿದ್ಧವಾಗಿಟ್ಟುಕೊಂಡಿದ್ದಕ್ಕೆ ಅಲ್ಲಿ ಯಾರೂ ಹಣ ಕೊಡುವುದಿಲ್ಲ. ಅಭಾವದ ಗಳಿಗೆಯಲ್ಲಿ ದೊರೆಯುವ ಅಪಾರ ಬೆಲೆಯ ಆಸೆಯಿಂದಲೇ ಬಂಡವಾಳಗಾರರು ಕಟ್ಟಬೇಕು. ಆ ಬೆಲೆಯ ಮೇಲ್ಮಿತಿಯನ್ನು ೨೦೧೫ರಲ್ಲಿ ಮೆಗಾವಾಟ್-ಗಂಟೆಗೆ ೯,೦೦೦ ಡಾಲರಿಗೆ ಏರಿಸಿದರು. ಎಂದರೆ ಯೂನಿಟ್ಟಿಗೆ ೯ ಡಾಲರು. ಸಾಮಾನ್ಯ ದಿನಗಳಲ್ಲಿ ಅದೇ ಯೂನಿಟ್ಟು ಸಗಟಿನಲ್ಲಿ ಕೆಲವೇ ಸೆಂಟುಗಳಿಗೆ ಸಿಗುತ್ತಿತ್ತು. ಈ ಅಗ್ಗದ ದಿನಗಳನ್ನು ನೋಡಿಯೇ ಗ್ರಿಡ್ಡಿ ಎಂಬ ಕಂಪೆನಿ ಹೊಸದೊಂದು ಯೋಜನೆಯನ್ನು ತಂದಿತು: ತಿಂಗಳಿಗೆ ಹತ್ತು ಡಾಲರಿಗೆ ಒಂದು ಸೆಂಟು ಕಡಮೆ ಚಂದಾ; ವಿದ್ಯುತ್ತು ಸಗಟಿನ ಬೆಲೆಗೇ. ನಡುವಣ ವ್ಯಾಪಾರಿಯ ಲಾಭವೇಕೆ ಎಂಬ ಮಾತು ಲೆಕ್ಕಾಚಾರದ ಗೃಹಸ್ಥರಿಗೆ ರುಚಿಸಿತು. ಸುಮಾರು ೨೯,೦೦೦ ಮಂದಿ ಸೇರಿದರು. ನಡುವಣ ವ್ಯಾಪಾರಿ ಲಾಭಕ್ಕೆ ಬದಲಾಗಿ ಅಪಾಯವನ್ನು ಹೊರುತ್ತಾನೆಂಬುದು ಆ ಮಾತಿನಲ್ಲಿ ಅಡಗಿಹೋಗಿತ್ತು.

೨೦೨೧ರ ಫೆಬ್ರುವರಿ ನಡುವಿನಲ್ಲಿ ಉತ್ತರ ಧ್ರುವದ ಕಡೆಯ ಶೀತಮಾರುತ ಟೆಕ್ಸಾಸಿನ ಮೇಲೆ ಇಳಿಯಿತು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಬೆಚ್ಚಗಿಡುವುದು ವಿದ್ಯುತ್ತೇ, ಬೇಡಿಕೆ ಏರಿತು. ಅದೇ ಹೊತ್ತಿಗೆ ಅನಿಲದ ಬಾವಿಗಳೂ ಕೊಳವೆಗಳೂ ಹೆಪ್ಪುಗಟ್ಟಿ, ಚಳಿಗೆ ಸಜ್ಜಾಗಿಲ್ಲದ ಜನಕಾಗಾರಗಳು ಒಂದಾದ ಮೇಲೊಂದು ನಿಂತವು. ೧೫ನೆಯ ತಾರೀಖು ಬೆಳಗಿನ ಜಾವ ಎರಡು ಗಂಟೆಯ ಸುಮಾರಿಗೆ ಜಾಲದ ಆವರ್ತನ ೬೦ ಹರ್ಟ್ಸ್‌ನಿಂದ ೫೯.೩ಕ್ಕೆ ಕುಸಿಯಿತು. ಇಡೀ ಜಾಲ ಸಂಪೂರ್ಣವಾಗಿ ಕುಸಿದುಬೀಳುವುದಕ್ಕೆ ಆಗ ೪ ನಿಮಿಷ ೩೭ ಸೆಕೆಂಡುಗಳು ಮಾತ್ರ ಉಳಿದಿದ್ದವೆಂದು ಎರ್ಕಾಟ್ ಅನಂತರ ತಿಳಿಸಿತು. ಜಾಲವನ್ನು ಉಳಿಸಲು ೨೦,೦೦೦ ಮೆಗಾವಾಟ್ ಬೇಡಿಕೆಯನ್ನು ಕತ್ತರಿಸಿದರು. ೪೫ ಲಕ್ಷಕ್ಕೂ ಹೆಚ್ಚು ಮನೆಗಳು ಮತ್ತು ಅಂಗಡಿಮುಂಗಟ್ಟುಗಳು ಕತ್ತಲಲ್ಲೂ ಕೊರೆಯುವ ಚಳಿಯಲ್ಲೂ ಉಳಿದವು, ಹಲವು ಮನೆಗಳು ದಿನಗಟ್ಟಲೆ. ರಾಜ್ಯದ ಆರೋಗ್ಯ ಇಲಾಖೆ ಲೆಕ್ಕಹಾಕಿದ ಸಾವುಗಳು ೨೪೬. ಸ್ಥಿರದರದ ಗೃಹಸ್ಥ, ಸಗಟುದರದ ಗೃಹಸ್ಥ, ನಗರಸಭೆಯ ಗಿರಾಕಿ, ಸಹಕಾರ ಸಂಘದ ಸದಸ್ಯ, ಎಲ್ಲರ ಮನೆಯಲ್ಲೂ ಕತ್ತಲು ಒಂದೇ. ಕೆರೆ ಬತ್ತಿದಾಗ ಯಾರೊಡನೆ ಒಪ್ಪಂದವಿದ್ದರೇನು?

ಬೆಳಕು ಉಳಿದಿದ್ದ ಮನೆಗಳ ಪಾಡು ಇನ್ನೊಂದು ಬಗೆಯದು. ಅಭಾವವಿರುವಾಗ ಬೆಲೆ ಮೇಲ್ಮಿತಿಯಲ್ಲೇ ಇರತಕ್ಕದ್ದೆಂದು ಆಯೋಗ ಅಪ್ಪಣೆ ಹೊರಡಿಸಿತು. ಯೂನಿಟ್ಟಿಗೆ ೯ ಡಾಲರಿನ ಆ ಬೆಲೆ, ಮನೆಗಳಿಗೆ ವಿದ್ಯುತ್ತು ಮರಳಿದ ಮೇಲೂ ನಿಂತು, ೧೯ರ ಬೆಳಿಗ್ಗೆಯವರೆಗೆ ಮುಂದುವರಿಯಿತು. ದಿನಕ್ಕೆ ೫೦ ಯೂನಿಟ್ಟು ಉರಿಸಿದ ಸಗಟುದರದ ಗೃಹಸ್ಥನ ತಲೆಯ ಮೇಲೆ ದಿನಕ್ಕೆ ೪೫೦ ಡಾಲರು. ಗ್ರಿಡ್ಡಿಯ ಗಿರಾಕಿಗಳಲ್ಲಿ ಹಲವರಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂದಿತು. ಮಾರುತ ಬರುವ ಮೊದಲೇ, ಬೇರೆ ಕಂಪೆನಿಗೆ ಹೊರಟುಹೋಗಿರೆಂದು ಗ್ರಿಡ್ಡಿಯೇ ತನ್ನ ಗಿರಾಕಿಗಳನ್ನು ಪ್ರಾರ್ಥಿಸಿತ್ತೆಂಬುದು ವ್ಯಾಪಾರದ ಇತಿಹಾಸದಲ್ಲಿಯೇ ಅಪೂರ್ವವಾದ ಘಟನೆ. ಆ ಗಳಿಗೆಯಲ್ಲಿ ಹೊಸ ಗಿರಾಕಿಗಳನ್ನು ಒಳಗೆ ಕರೆದುಕೊಳ್ಳುವ ಧೈರ್ಯವುಳ್ಳ ಕಂಪೆನಿಗಳು ವಿರಳವಾಗಿದ್ದವು. ಆ ತಿಂಗಳ ಕೊನೆಯಲ್ಲಿ ಎರ್ಕಾಟ್ ಗ್ರಿಡ್ಡಿಯನ್ನು ಪೇಟೆಯಿಂದ ಹೊರಹಾಕಿತು. ಮಾರ್ಚಿಯಲ್ಲಿ ಅದು ದಿವಾಳಿಯ ಅರ್ಜಿ ಹಾಕಿತು. ತೆರದೆ ಉಳಿದ ಬಿಲ್ಲುಗಳಿಂದ ಗಿರಾಕಿಗಳಿಗೆ ಬಿಡುಗಡೆ ದೊರೆಯಿತು. ಆಯೋಗದ ಮೂವರು ಸದಸ್ಯರೂ ಮಾರ್ಚಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರು. ಗೃಹಸ್ಥರಿಗೆ ಸಗಟುದರದ ಯೋಜನೆಗಳನ್ನು ಮಾರುವುದನ್ನು ರಾಜ್ಯದ ಶಾಸನಸಭೆ ಆ ವರ್ಷವೇ ನಿಷೇಧಿಸಿತು. ಬೆಲೆಯ ಮೇಲ್ಮಿತಿ ೨೦೨೨ರಿಂದ ೫,೦೦೦ ಡಾಲರಿಗೆ ಇಳಿಯಿತು. ಆಯೋಗದ ಅಪ್ಪಣೆ ಕಾನೂನಿಗೆ ವಿರುದ್ಧವಲ್ಲವೆಂದು ಟೆಕ್ಸಾಸಿನ ಉಚ್ಚತಮ ನ್ಯಾಯಾಲಯ ೨೦೨೪ರ ಜೂನ್ ತಿಂಗಳಲ್ಲಿ ತೀರ್ಪಿತ್ತಿತು.

ಪತ್ರಿಕೆಗಳು ಗ್ರಿಡ್ಡಿಯ ಬಿಲ್ಲುಗಳನ್ನೇ ಎತ್ತಿ ತೋರಿಸಿದವು. ಆದರೆ ಆ ನಾಲ್ಕು ದಿನಗಳ ಹೊರೆಯಲ್ಲಿ ಅವು ಅಲ್ಪಾಂಶ. ಹೊರೆಯ ಬಹುಭಾಗ ಬಿದ್ದುದು ಸಗಟಿನಲ್ಲಿ ಕೊಳ್ಳಬೇಕಾಗಿ ಬಂದ ಚಿಲ್ಲರೆ ಕಂಪೆನಿಗಳು, ನಗರಸಭೆಗಳು, ಸಹಕಾರ ಸಂಘಗಳ ಮೇಲೆ. ರಾಜ್ಯದ ಅತಿ ದೊಡ್ಡ ಸಹಕಾರ ಸಂಸ್ಥೆಯಾದ ಬ್ರಾಜೋಸ್ ಮಾರ್ಚಿ ೧ರಂದೇ ನ್ಯಾಯಾಲಯದ ಆಶ್ರಯ ಬೇಡಿತು. ಅನಂತರ ಶಾಸನಸಭೆ ಈ ಬಾಕಿಗಳಲ್ಲಿ ದೊಡ್ಡ ಭಾಗವನ್ನು ದೀರ್ಘಾವಧಿಯ ಸಾಲಪತ್ರಗಳಾಗಿ ಮಾರ್ಪಡಿಸಲು ಅವಕಾಶ ಕೊಟ್ಟಿತು. ಆ ಸಾ��ದ ಕಂತು ಇಂದಿನ ಬಿಲ್ಲುಗಳಲ್ಲಿ ಅಡಗಿದೆ. ಸ್ಥಿರದರವನ್ನು ಜಾಣತನದಿಂದ ಆರಿಸಿಕೊಂಡಿದ್ದವನೂ, ಆಯ್ಕೆಯೇ ಇಲ್ಲದ ಊರಿನವನೂ ಅದನ್ನು ವರ್ಷಗಟ್ಟಲೆ ತೆರುತ್ತಾರೆ. ಅಪಾಯವನ್ನು ಎಲ್ಲರೂ ಸೇರಿ ಹೊರುವ ಇನ್ಸಲ್ಲನ ಕಾಲದ ಪದ್ಧತಿಯನ್ನು ೧೯೯೯ರಲ್ಲಿ ಮುಂಬಾಗಿಲಿನಿಂದ ಕಳುಹಿಸಿದ್ದರು. ೨೦೨೧ರಲ್ಲಿ ಅದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿತು. ಒಂದೇ ವ್ಯತ್ಯಾಸವೆಂದರೆ, ಹಳೆಯ ಪದ್ಧತಿಯಲ್ಲಿ ಆ ಹಂಚಿಕೆ ವಿಚಾರಣೆ ನಡೆದು ಮೊದಲೇ ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲ ಮುಗಿದ ಮೇಲೆ ಗೊತ್ತಾಯಿತು.

ಕೊನೆಯದಾಗಿ ಟೆಕ್ಸಾಸಿನ ಪಶ್ಚಿಮದ ಲಬಕ್ ಎಂಬ ನಗರದ ವಿಷಯವನ್ನು ಹೇಳಬೇಕು. ಇದನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿದಂತಿಲ್ಲ. ಅಲ್ಲಿ ೧೯೧೬ರಲ್ಲಿ ಖಾಸಗಿ ಕಂಪೆನಿಗೆ ಎದುರಾಗಿ ನಾಗರಿಕರು ನಗರಸಭೆಯದೇ ವಿದ್ಯುತ್ ಸಂಸ್ಥೆಯನ್ನು ಸ್ಥಾಪಿಸಿದರು. ಅಂದಿನಿಂದ ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಊರಿನ ಓಣಿಗಳಲ್ಲಿ ಎರಡು ಸಂಸ್ಥೆಗಳ ಕಂಬಗಳು, ಎರಡು ಸಾಲು ತಂತಿಗಳು. ಬೇಸರವಾದ ಗಿರಾಕಿ ಈ ತಂತಿಯನ್ನು ಬಿಟ್ಟು ಆ ತಂತಿಗೆ ಹೋಗಬಹುದಾಗಿತ್ತು. ಷಿಕಾಗೋದಲ್ಲಿ ಯಾವುದನ್ನು ವ್ಯರ್ಥವೆಂದು ಇನ್ಸಲ್ ನಿರ್ಮೂಲಮಾಡಿದನೋ ಅದು ಇಲ್ಲಿ ಬದುಕಿತ್ತು. ೨೦೧೦ರಲ್ಲಿ ನಗರಸಭೆ ಎದುರಾಳಿಯ ತಂತಿಗಳನ್ನು ಕೊಂಡು ಅದನ್ನು ಕೊನೆಗಾಣಿಸಿತು. ಆಮೇಲೆ, ವಿನಾಯಿತಿಯಿದ್ದರೂ ತಾನಾಗಿಯೇ ಚಿಲ್ಲರೆ ಪೇಟೆಯನ್ನು ಸೇರಲು ನಿರ್ಧರಿಸಿತು. ೨೦೨೪ರ ಮೊದಲ ತಿಂಗಳುಗಳಲ್ಲಿ ಲಬಕ್ಕಿನ ಗೃಹಸ್ಥರಿಗೆ ಮಾರಾಟಗಾರನನ್ನು ಆರಿಸಲು ಗಡುವು ಕೊಟ್ಟರು. ಗಡುವಿನೊಳಗೆ ಯಾರನ್ನೂ ಆರಿಸದವರನ್ನು ಮೊದಲೇ ಗೊತ್ತುಮಾಡಿದ್ದ ಕೆಲವು ಕಂಪೆನಿಗಳ ಪಾಲಿಗೆ ಹಂಚಿಕೊಟ್ಟು, ಮಾರ್ಚಿ ತಿಂಗಳಲ್ಲಿ ಮೀಟರುಗಳ ಲೆಕ್ಕವನ್ನು ಆ ಕಂಪೆನಿಗಳ ಹೆಸರಿಗೆ ವರ್ಗಾಯಿಸಿದರು. ಓಣಿಗಳಲ್ಲಿ ಈಗ ಉಳಿದಿರುವುದು ಒಂದೇ ಸಾಲು ತಂತಿ.